ಟಾಕಿಯ ಬಾಯಿಗಿದ್ದ ಚಪ್ಪಲಿ

ದೆವ್ವ, ಗಾಳಿ ಎಂದವರ ಕೈಗೆ ಪೊರಕೆ ಕೊಟ್ಟು, ಆ ಮೂಲೆಯನ್ನೇ ಮೊದಲು ಗುಡಿಸಿ ಬಾ ಎನ್ನುತ್ತಿದ್ದವಳು ನಾನು. ವಾಡಿಯಲ್ಲಿ ಒಂದು ಬ್ಯಾಂಕಿನ ನೆಲ ಒರೆಸುವುದರಿಂದ ಶುರುಮಾಡಿ, ಚಿತ್ತಾಪುರ, ಶಹಾಬಾದ, ಸೇಡಂನ ಆಸ್ಪತ್ರೆ ಕಚೇರಿಗಳ ಸ್ವಚ್ಛತೆಯ ಗುತ್ತಿಗೆ ಹಿಡಿಯುವ ಕಂಪನಿ ಕಟ್ಟಿದ್ದು ಶಿಸ್ತಿನಿಂದಲೇ. ಹಾಗಾಗಿ ಇದನ್ನು ಬರೆಯಲು ಸಂಕೋಚ. ನಡೆದಷ್ಟನ್ನೇ ಬರೆಯುತ್ತೇನೆ.

ನೆಲದೊಳಗಿನ ನೀರಿನ ಟಾಕಿ ತೊಳೆಯಲು ನಾನು ಮಾಡಿದ ನಿಯಮವೊಂದಿದೆ. ಒಳಗಿಳಿಯುವವರು ಚಪ್ಪಲಿಯನ್ನು ಟಾಕಿಯ ಬಾಯಿಯ ಪಕ್ಕದಲ್ಲಿ ಬಿಡಬೇಕು, ಮೇಲೆ ಬಂದು ಮೆಟ್ಟಿಕೊಳ್ಳಬೇಕು. ಒಂದು ಜೊತೆ ಉಳಿದಿದ್ದರೂ ಮುಚ್ಚಳ ಹಾಕುವಂತಿಲ್ಲ.

ಆ ಬೇಸಿಗೆ ಸೇಡಂನ ಕಲ್ಯಾಣಮಂಟಪವೊಂದರ ಟಾಕಿ ತೊಳೆದಾಗಿತ್ತು. ಮರುದಿನ ಮದುವೆ. ಕೆಲಸದವರು ಊಟಕ್ಕೆ ಹೋದ ಮೇಲೆ, ರೂಢಿಯಂತೆ ಚಪ್ಪಲಿ ಬಿಟ್ಟು, ಬ್ಯಾಟರಿ ಹಿಡಿದು ಮೂಲೆಗಳನ್ನು ನೋಡಲು ಇಳಿದೆ. ಹಿಂಗೋಡೆಯ ಬಳಿ ಇದ್ದಾಗ ಮೇಲಿನ ಬೆಳಕು ಹೋಯಿತು. ಇಬ್ಬರು ಎತ್ತುವಂಥ ಶಹಾಬಾದ ಕಲ್ಲಿನ ಮುಚ್ಚಳ ಬಿದ್ದಿತ್ತು. ಕೂಗಿದೆ. ಮೇಲೆ ಜನರೇಟರ್ ಸದ್ದು. ಆಮೇಲೆ ಪೈಪಿನಿಂದ ನೀರು ಸುರಿಯತೊಡಗಿತು. ಗೋಡೆಯ ಕಬ್ಬಿಣದ ಮೆಟ್ಟಿಲು ಹತ್ತಿ ಕಲ್ಲಿಗೆ ಭುಜ ಕೊಟ್ಟೆ, ಅಲುಗಲಿಲ್ಲ. ನೀರು ನನ್ನ ಹಿಂದೆಯೇ ಏರಿ ಬಂತು. ಎದೆಗೆ ತಾಗಿದಾಗ ಕಲ್ಲು ಸರಿಯಿತು.

“ಒಳಗ ಯಾರದೀರಿ?”

ನಮ್ಮ ಹಳೆಯ ಕೆಲಸಗಾರ್ತಿ ನಿಂಗಮ್ಮ, ಇನ್ನೊಬ್ಬಳ ಜೊತೆ. “ಅಯ್ಯ ಅಕ್ಕಾರ, ನಮಗ ಕಾಯ್ದೆ ಹೇಳಿ ನೀವೇ ಜಳಕಕ್ಕ ಇಳ್ದೀರೇನು?” ಎಂದಳು. ಎರಡೂ ಕೈ ಚಾಚಿ ನನ್ನನ್ನು ಮೇಲೆಳೆದಳು.

ನನ್ನ ಡ್ರೈವರ್ ಓಡಿಬಂದ. “ಅಕ್ಕಾರ ಚಪ್ಪಲಿ ಬಿಸಿಲಾಗ ಕಾಯಾಕತ್ತಿದ್ದವ್ರಿ. ಕಾಲ ಸುಡ್ತಾವಂತ ಗಾಡ್ಯಾಗ ಇಟ್ಟೆ.” ಗೌರವಕ್ಕೆ ಮಾಡಿದ್ದು. ಟಾಕಿಯ ಬಾಯಲ್ಲಿ ಒಂದೂ ಚಪ್ಪಲಿ ಕಾಣದ ನಮ್ಮ ಮೇಲ್ವಿಚಾರಕ ಮಂಟಪದ ಆಳುಗಳಿಂದ ಮುಚ್ಚಿಸಿ ನೀರು ಬಿಡಿಸಿದ್ದ.

“ಮತ್ತ ನೀ ಯಾಕ ತೆಗೆದಿ?” ನಿಂಗಮ್ಮನನ್ನು ಕೇಳಿದೆ.

“ಚಪ್ಪಲಿ ಇದ್ದವಲ್ರಿ,” ಎಂದು ಪಕ್ಕಕ್ಕೆ ತೋರಿಸಿದಳು.

ಟೈರಿನ ಅಟ್ಟೆಯ ಗಂಡಸಿನ ಚಪ್ಪಲಿ. ಅಂಥ ಬಿಸಿಲಲ್ಲೂ ತೊಯ್ದಿದ್ದವು. ನಮ್ಮವರದಲ್ಲ, ಮಂಟಪದವರದೂ ಅಲ್ಲ. ನೀರು ಖಾಲಿ ಮಾಡಿಸಿ ಮೂಲೆಮೂಲೆ ನೋಡಿದೆ. ಯಾರೂ ಇರಲಿಲ್ಲ.

ಸಂಜೆಯವರೆಗೂ ಅವನ್ನು ಕೇಳಿ ಯಾರೂ ಬರಲಿಲ್ಲ. ಮದುವೆಗೆ ನೀರು ತುಂಬಲೇಬೇಕಿತ್ತು. ಚಪ್ಪಲಿ ಅಲ್ಲಿರುವಾಗಲೇ ಮುಚ್ಚಳ ಹಾಕಿಸಿದೆ. ನನ್ನ ನಿಯಮವನ್ನು ನಾನು ಮುರಿದದ್ದು ಅದೊಂದೇ ಸಲ.

ಒಳಗೆ ಯಾರೂ ಇರಲಿಲ್ಲ, ಕಣ್ಣಾರೆ ನೋಡಿದ್ದೇನೆ. ಆದರೂ ಈಗಲೂ ಮುಚ್ಚಳದ ಕಲ್ಲು ಕೂರುವ ಸದ್ದು ಕೇಳಿದರೆ ಮತ್ತೊಮ್ಮೆ ತೆಗೆಸಿ ನೋಡುತ್ತೇನೆ. ಆ ಚಪ್ಪಲಿ ಬಿಟ್ಟು ನನ್ನನ್ನು ಹೊರಗೆ ತಂದವನನ್ನು ನಾನೇ ಒಳಗೆ ಬಿಟ್ಟು ಮುಚ್ಚಿಸಿದೆನೋ ಏನೋ, ಇಂದಿಗೂ ತಿಳಿಯದು.