ಎಕ್ಸ್‌ರೇಯಲ್ಲಿ ಅಪ್ಪ ಕಂಡ ತೂತು

ಸೇಲಂನ ನಮ್ಮ ನೇಕಾರರ ಮನೆಗಳಲ್ಲಿ ಆಡುವುದು ಕನ್ನಡವೇ ಆದರೂ ಅದನ್ನು ಓದಲು ಬರುವವರು ಕಡಿಮೆ. ಆದರೆ ಅದರ ಒಂದು ಉಪಯೋಗ ಎಲ್ಲರಿಗೂ ಗೊತ್ತು: ತಮಿಳಿನವರ ಎದುರೇ ಗುಟ್ಟು ಮಾತಾಡಬಹುದು. ಸೀರೆ ವ್ಯಾಪಾರಿ ಎದುರಿಗೆ ಕೂತು ಟೀ ಕುಡಿಯುತ್ತಿರುವಾಗಲೇ ಅಪ್ಪ ಅವನ ಜಿಪುಣತನವನ್ನು ನಗುನಗುತ್ತಾ ನಮಗೆ ಕನ್ನಡದಲ್ಲಿ ವರ್ಣಿಸುತ್ತಿದ್ದರು. ಪಾಪ, ಅವನೂ ನಗುತ್ತಿದ್ದ.

ಹೋದ ವರ್ಷ ಅಪ್ಪನ ಕೆಮ್ಮು ಎರಡು ತಿಂಗಳಾದರೂ ನಿಲ್ಲಲಿಲ್ಲ. ಎಕ್ಸ್‌ರೇ ತೆಗೆಸಿದೆ. ಅಪ್ಪ ಫಿಲ್ಮನ್ನು ಕಿತ್ತುಕೊಂಡು, ಮಗ್ಗದಿಂದ ಇಳಿಸಿದ ಸೀರೆಯ ಹಾಗೆ ಕಿಟಕಿಗೆ ಹಿಡಿದರು. ಬಲಗಡೆ ಒಂದು ಬಿಳಿ ಮಚ್ಚೆ. ಬೆಳಕು ಅಲ್ಲಿಂದ ಧಾರಾಳವಾಗಿ ಬರುತ್ತಿತ್ತು.

“ಇಲ್ಲಿ ನೂಲು ಬಿಟ್ಟೈತೆ ಕಣವ್ವಾ, ತೂತು.”

ವರದಿಯಲ್ಲಿ ‘ಒಪ್ಯಾಸಿಟಿ’ ಎಂದಿತ್ತು. ಏನೂ ದಾಟದ ಜಾಗ ಅಂತ ಅರ್ಥ ಎಂದೆ.

“ಬೆಳಕು ಬರೋ ಜಾಗಾನ ಬರಲ್ಲ ಅಂತ ಬರ್ದವ್ರೆ. ಇವ್ರೇನು ಡಾಕ್ಟ್ರಾ?”

ಎದೆಯೊಳಗೆ ಎಕ್ಸ್‌ರೇ ಎಲ್ಲಿ ದಾಟುವುದಿಲ್ಲವೋ ಅಲ್ಲಿ ಫಿಲ್ಮ್ ಕಪ್ಪಾಗದೆ ಉಳಿಯುತ್ತದೆ ಎಂದು, ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ವಿವರಿಸಿದೆ. ಐವತ್ತು ವರ್ಷ ನೇಯ್ದವರು ಒಪ್ಪುತ್ತಾರೆಯೇ!

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಬೀಡಿ ಸೇದುತ್ತೀರಾ ಎಂದು ತಮಿಳಿನಲ್ಲಿ ಕೇಳಿದರು. “ಇಲ್ಲೀಂಗಮ್ಮ” ಎಂದ ಅಪ್ಪ, ಅದೇ ಸಾಧು ಮುಖದಲ್ಲಿ ನನ್ನತ್ತ ತಿರುಗಿ, “ದಿನಕ್ಕೊಂದು ಕಟ್ಟು ಅಂತ ಏಳ್ಬಿಟ್ಟೀಯೆ, ಬಾಯ್ ಮುಚ್ಕೊಂಡಿರು” ಎಂದರು.

ಕಳ್ಳತನದಲ್ಲಿ ನಾನೇನು ಕಡಿಮೆ? ನನ್ನ ಭಯವನ್ನು ಡಾಕ್ಟರಮ್ಮನ ಮುಂದೆ ಇಂಗ್ಲಿಷಿನಲ್ಲಿಟ್ಟೆ. ಕ್ಯಾನ್ಸರ್ ಎಂದರೆ ಅಪ್ಪನಿಗೂ ತಿಳಿಯುತ್ತದೆಂದು ‘ಮ್ಯಾಲಿಗ್ನೆನ್ಸಿ’ ಎಂಬ ದಪ್ಪ ಪದ ಬಳಸಿದೆ. ಕಫದ ಪರೀಕ್ಷೆ, ಸ್ಕ್ಯಾನ್ ಆಗದೆ ಏನೂ ಹೇಳಲಾಗದು ಎಂದು ಅವರೂ ಇಂಗ್ಲಿಷಿನಲ್ಲೇ ಉತ್ತರಿಸಿದರು. ಆಮೇಲೆ ಚೀಟಿ ಬರೆಯುತ್ತಾ, ತಲೆಯೆತ್ತದೆ ನಮ್ಮ ಮನೆಮಾತಿನಲ್ಲೇ ಕೇಳಿದರು: “ಕಟ್ಟು ದೊಡ್ದಾ, ಚಿಕ್ದಾ ಅಪ್ಪಾ?”

ಅವರ ಅಜ್ಜಿಯದೂ ತಾರಮಂಗಲಂ ಕಡೆಯ ನೇಕಾರರ ಮನೆಯಂತೆ. ಅಪ್ಪನ ಮುಖ ನೋಡಬೇಕಿತ್ತು! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅಪ್ಪ ಬೇಗ ಸುಧಾರಿಸಿಕೊಂಡರು.

“ನಮ್ಮೋಳೇ ಆಗ್ಬಿಟ್ಯಲ್ಲವ್ವಾ. ಅಂಗಾರೆ ಇವ್ಳು ಇಂಗ್ಲೀಸ್ನಾಗೆ ಏನ್ ಕೇಳಿದ್ಲು? ಅದ್ನೂ ಏಳ್ಬಿಡು.”

ಡಾಕ್ಟರಮ್ಮ ನನ್ನನ್ನು ನೋಡಿದರು. ನನ್ನ ನಗು ನಿಂತಿತು.

“ಕ್ಯಾನ್ಸರಾ ಅಂತ ಕೇಳ್ದೆ ಅಪ್ಪಾ. ಪರೀಕ್ಷೆ ಮಾಡ್ದೆ ಗೊತ್ತಾಗಲ್ವಂತೆ.”

ಅದು ಟಿಬಿ, ಮಾತ್ರೆಯಲ್ಲಿ ವಾಸಿಯಾಗುತ್ತದೆ ಎಂದು ತಿಳಿದದ್ದು ಒಂದು ವಾರದ ಮೇಲೆ. ಆವತ್ತು ಮಾತ್ರ ನನಗೆ ಅಪ್ಪನ ಮುಖ ನೋಡಲು ಭಯವಾಯಿತು. ಅವರು ನನ್ನ ಕೈ ಹಿಡಿದುಕೊಂಡರು.

“ನೀನು ಕೇಳಿದ್ದು ಒಳ್ಳೇದಾಯ್ತು ಕಣವ್ವಾ. ನಂಗೆ ಕೇಳಾಕೆ ಎದ್ರಿಕೆ ಆಗಿತ್ತು.”