ಮೀಸೆ ತಾತನ ಕತ್ತೆ ವಾಪಸ್ ಬರಲೇಬೇಕು

ಗೆಳೆಯರೇ, ಈಗಷ್ಟೇ ಅಕ್ಕನ ಜೊತೆ ಕೆ.ಆರ್. ಪುರದ ಮಾಲ್‌ಗೆ ಹೋಗಿ ಬಂದೆ. ಚಿಕ್ಕಂದಿನಲ್ಲಿ ನಾನು ಪ್ರಾಣ ಬಿಡುತ್ತಿದ್ದ ಮೀಸೆ ತಾತನ ಕಾಮಿಕ್ಸನ್ನು ಕಂಪ್ಯೂಟರ್ ಅನಿಮೇಷನ್ ಸಿನಿಮಾ ಮಾಡಿದ್ದಾರೆ. ತಾತನ ಮುಖಕ್ಕೆ ಪ್ಲಾಸ್ಟಿಕ್ ಬಕೆಟ್ಟಿನ ಹೊಳಪು, ಬಿರುಗಾಳಿ ಬೀಸಿದರೂ ಮೀಸೆ ಅಲ್ಲಾಡುವುದಿಲ್ಲ. ಅದನ್ನೂ ಸಹಿಸಿಕೊಂಡೆ. ಆದರೆ ಕೊನೆಯಲ್ಲಿ ಅವನ ಕತ್ತೆ ಕಾಡಿಗೆ ಹೋಗಿದ್ದು ತಿರುಗಿ ಬರಲೇ ಇಲ್ಲ!

ಎಸ್ಕಲೇಟರ್ ಮೇಲೆ ನಿಂತೇ ಕೂಗಾಡಿದೆ. "ಕಥೆನೇ ಹಾಳ್ಮಾಡಿದಾರೆ ಕಣಕ್ಕಾ! ಪುಸ್ತಕದಲ್ಲಿ ಕತ್ತೆ ವಾಪಸ್ ಬರುತ್ತೆ, ತಾತ ಅದಕ್ಕೆ ಬೆಲ್ಲ ತಿನ್ನಿಸ್ತಾನೆ. ನಂಗೆಲ್ಲಾ ಬಾಯಿಪಾಠ!"

ಅಕ್ಕ ನನ್ನನ್ನೇ ನೋಡಿದಳು. "ಲೋ, ಹಲಸೂರಿನ ಲೈಬ್ರರಿಯಿಂದ ತರ್ತಿದ್ದ ಆ ಪುಸ್ತಕಕ್ಕೆ ಕೊನೆ ಹಾಳೆನೇ ಇರ್ಲಿಲ್ಲ, ಯಾರೋ ಹರ್ಕೊಂಡ್ಬಿಟ್ಟಿದ್ರು. ನಿಂಗಾಗ ಓದಕ್ಕೂ ಬರ್ತಿರ್ಲಿಲ್ಲ. ಅಳ್ತೀಯ ಅಂತ ಬೆಲ್ಲದ ಕಥೆ ನಾನೇ ಕಟ್ಟಿ ಹೇಳಿದ್ದು."



ಈಗ ಮನೆಗೆ ಬಂದು, ಕಾಫಿ ಕುಡಿದು, ಯೋಚಿಸಿ ಹೇಳುತ್ತಿದ್ದೇನೆ. ಸಿನಿಮಾ ಕಳಪೆ, ಅನುಮಾನವೇ ಬೇಡ. ಬರೀ ಪುಸ್ತಕ ಓದಿಕೊಂಡು ಸಿನಿಮಾ ಮಾಡಿದರೆ ಹೀಗೇ ಆಗುವುದು. ನಮ್ಮಕ್ಕನನ್ನು ಒಂದು ಮಾತು ಕೇಳಬೇಕಿತ್ತು.