ಮೊಸರಿನ ಗುರುಲಿಂಗಮ್ಮನ ತುರುಬು

ಅಳವಂಡಿಯ ದಾರಿಯಲ್ಲಿದ್ದ ನಮ್ಮ ಹಳ್ಳಿಯಿಂದ ಕೊಪ್ಪಳದ ಪೇಟೆಗೆ ಮೊಸರು ಹೊತ್ತು ಹೋಗುವ ಹೆಂಗಸರು ಹಲವರಿದ್ದರು. ಎಲ್ಲರ ತಲೆಯ ಮೇಲೂ, ಗಡಿಗೆಯ ಅಡಿಯಲ್ಲಿ, ಹಳೆಯ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬಿ ಇರುತ್ತಿತ್ತು. ಗುರುಲಿಂಗಮ್ಮನ ತಲೆಯ ಮೇಲೆ ಮಾತ್ರ ಅದು ಇರಲಿಲ್ಲ. ಆಕೆ ತನ್ನ ಕೂದಲನ್ನೆಲ್ಲ ನೆತ್ತಿಗೆ ಎಳೆದು, ಬಿಗಿಯಾಗಿ ತುರುಬು ಕಟ್ಟಿ, ಅದರ ಮೇಲೆ ಸೆರಗು ಹೊದ್ದು ಗಡಿಗೆ ಇಟ್ಟುಕೊಳ್ಳುತ್ತಿದ್ದಳು. ತುರುಬೇ ಸಿಂಬಿ. ಗಡಿಗೆ ಅಲುಗುತ್ತಿರಲಿಲ್ಲ, ಆಕೆ ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದಳು. ಕಲ್ಲುದಾರಿಯಲ್ಲಿಯೂ ಕೈ ಮೇಲೆತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ಆಕೆ ಹಿರಿಯ ಸೊಸೆ. ಅಕ್ಕ ಎಂದು ಕರೆಯಬೇಕೆಂದು ಹೇಳಿದರು, ಹಾಗೆಯೇ ಕರೆದೆ. ಅದು ನಿಜಾಮರ ಆಳಿಕೆಯ ಕಾಲ. ನಮ್ಮಂಥ ಮನೆಗಳಲ್ಲಿ ಸೊಸೆಯಂದಿರು ಕಾರಣವಿಲ್ಲದೆ ಊರ ಹೆಬ್ಬಾಗಿಲಾದ ಅಗಸೆ ದಾಟುವಂತಿರಲಿಲ್ಲ. ಅಕ್ಕನಿಗೆ ಗಡಿಗೆಯೇ ಕಾರಣವಾಗಿತ್ತು. ನಾವು ಗೋಡೆಗಳ ನಡುವೆ ದುಡಿಯುತ್ತಿದ್ದಾಗ ಆಕೆ ದಿನವೂ ಗವಿಮಠದ ಗುಡ್ಡ ನೋಡಿ ಬರುತ್ತಿದ್ದಳು. ಕಚೇರಿಗೆ ಮೋಟಾರಿನಲ್ಲಿ ಬಂದ ಸಾಹೇಬನ ಮೀಸೆ ಹೇಗಿತ್ತು, ಯಾವ ಅಂಗಡಿಗೆ ಕುಬಸ ಹೊಲಿಸಲು ಯಾವ ಬಣ್ಣದ ಕಣದ ಬಟ್ಟೆ ಬಂದಿದೆ, ಎಲ್ಲವನ್ನೂ ಸಂಜೆ ರೊಟ್ಟಿ ತಟ್ಟುತ್ತ ನಮಗೆ ಹೇಳುತ್ತಿದ್ದಳು. ಆ ಸಂಜೆಗಳ ರುಚಿ ಆಮೇಲೆ ನನಗೆ ಯಾವ ಮಾತಿನಲ್ಲಿಯೂ ಸಿಗಲಿಲ್ಲ.

ಮೂವತ್ತೆಂಟನೆಯ ಇಸವಿಯ ಸುಮಾರಿಗೆ ಇರಬೇಕು. ಒಂದು ಮುಂಜಾನೆ ಅಕ್ಕ ಹಿತ್ತಲಲ್ಲಿ ತಲೆ ಬಾಚುತ್ತಿದ್ದವಳು ನನ್ನನ್ನು ಕರೆದಳು.

“ಇಲ್ಲಿ ಮುಟ್ಟಿ ನೋಡ. ಇದು ನನ್ನ ಕೂದಲ ಅಲ್ಲ.”

ಮುಟ್ಟಿದೆ. ರೇಷ್ಮೆಯಂತೆ ಜಾರುತ್ತಿದ್ದ ಕೂದಲು ಪುಂಡಿಯ ನಾರಿನಂತೆ ಒರಟಾಗಿತ್ತು. ಹಣಿಗೆಯ ಹಲ್ಲುಗಳಲ್ಲಿ ಒಂದು ಉಂಡೆಯಷ್ಟು ಸಿಕ್ಕಿಕೊಂಡಿತ್ತು. ಜ್ವರ ಬಂದಿರಲಿಲ್ಲ, ಬಾಣಂತನವಿರಲಿಲ್ಲ, ಉಣ್ಣುವುದು ಉಡುವುದು ಬದಲಾಗಿರಲಿಲ್ಲ. ಆದರೂ ಮುಂದಿನ ಶ್ರಾವಣದ ಹೊತ್ತಿಗೆ ಆ ತುರುಬು ನನ್ನ ಮುಷ್ಟಿಯೊಳಗೆ ಅಡಗುವಷ್ಟಾಯಿತು.

ಅತ್ತೆ ಕಳಕಮ್ಮನವರು ದೃಷ್ಟಿಯೆಂದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಕ್ಕನ ಯಲಬುರ್ಗಿಯ ತವರಿನಿಂದ ಹರಳೆಣ್ಣೆ ಬಂತು. ಬಾವಿಯ ನೀರು ಉಪ್ಪಾಗಿದೆಯೆಂದು ಯಾರೋ ಅಂದರು. ಅದೇ ನೀರನ್ನು ಕುಡಿದ ನಮ್ಮೆಲ್ಲರ ಕೂದಲು ಇದ್ದಲ್ಲಿಯೇ ಇತ್ತು. ಕೊನೆಗೆ ಅಕ್ಕ ಕೊಪ್ಪಳದ ಹಕೀಮ ದಾದೇಸಾಬರ ಹತ್ತಿರ ಹೋಗಿಬಂದಳು. ಅಲ್ಲಿ ನಡೆದ ಮಾತನ್ನು ನಮಗೆ ಹಾಗೆಯೇ ಹೇಳಿದಳು.

“ಅವ್ವಾ, ಬ್ಯಾನಿ ಇದ್ರ ಔಷಧ ಕೊಡ್ತೀನಿ. ಇದರ ಹೆಸರ ನನಗ ಗೊತ್ತಿಲ್ಲ. ಎಣ್ಣಿ ಕೊಟ್ಟು ಕಳಸಬಹುದು, ಆದ್ರ ಅದು ಸುಳ್ಳಾಗ್ತೈತಿ,” ಎಂದಿದ್ದರಂತೆ ಹಕೀಮರು.

“ಹಂಗಾರ ಎಣ್ಣಿ ಇರ್ಲಿ ಬಿಡ್ರಿ. ಸುಳ್ಳ ಹಚ್ಚಿ ತಿಕ್ಕಿದ್ರ ಕೂದಲ ಬರೂದಿಲ್ಲ,” ಎಂದು ಈಕೆ ಎದ್ದು ಬಂದಿದ್ದಳು.

ಗಡಿಗೆ ತುರುಬಿನ ಮೇಲೆ ನಿಲ್ಲದಾಯಿತು. ಅಕ್ಕ ಸಿಂಬಿ ಸುತ್ತಿಕೊಂಡಳು. ಅಗಸೆಯ ಹತ್ತಿರ ಮೊಸರಿನ ಹೆಂಗಸರು ನಗದೆ ಬಿಡಲಿಲ್ಲ.

“ಏನ್ ಗುರುಲಿಂಗಮ್ಮಾ, ನಮ್ಮಂಥಾಕಿ ಆದಿ ಏನು ಕಡೀಕೆ?”

“ಆದೆ. ಈಗ ದಾರಿ ಬಿಡ್ರಿ, ಮೊಸರು ಹುಳಿ ಆಗ್ತೈತಿ.”

ಆ ನಗೆಯನ್ನು ಆಕೆ ನುಂಗಿಕೊಂಡಳು. ಆದರೆ ಕೂದಲು ಉದುರುವುದು ನಿಂತಿರಲಿಲ್ಲ. ಗಡಿಗೆ ಇಳಿಸುವಾಗ ಸೆರಗು ಜಾರುತ್ತಿತ್ತು, ಸೌಟು ಹಾಕಲು ಬಾಗಿದರೆ ಎಳೆಗಳು ಸಡಿಲಾಗಿ ಮುಂದೆ ಬರುತ್ತಿದ್ದವು. ಕೊಪ್ಪಳದಲ್ಲಿ ಕಾಳಿನ ವ್ಯಾಪಾರಿಯ ಹೆಂಡತಿ ಕಸ್ತೂರೆಮ್ಮ ಒಂದು ದಿನ ಬಟ್ಟಲಿನಿಂದ ಉದ್ದನೆಯ ಕೂದಲೊಂದನ್ನು ಎಲ್ಲರ ಮುಂದೆ ಮೆಲ್ಲಗೆ ಎಳೆದಳು.

“ಇದೇನ, ಮೊಸರಿಗೆ ದಾರಾ ಪೋಣಿಸಿಕೊಂಡು ಬಂದೀಯೇನು?”

ಮಾತು ಓಣಿಯಿಂದ ಓಣಿಗೆ ಹೋಯಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಗಡಿಗೆ ಅರ್ಧ ತುಂಬಿಯೇ ಮನೆಗೆ ಮರಳತೊಡಗಿತು.

ಅತ್ತೆ ಕೂಗಾಡಲಿಲ್ಲ, ನನ್ನ ಕಡೆ ಕೈ ತೋರಿಸಿ ತೀರ್ಮಾನ ಹೇಳಿದರು. “ನಾಳೆ ಸಣ್ಣಾಕಿನ್ನ ಕರಕೊಂಡು ಹೋಗು. ಮನಿಗಳ ಗುರುತು ಮಾಡಿಕೊಡು. ನಾಡದ್ದಿನಿಂದ ಗಡಿಗಿ ಆಕೀದು. ನೀ ಹಿತ್ತಲದಾಗ ಶಗಣಿ ಕುಳ್ಳು ತಟ್ಟಿಕೊಂಡು ಇರು.”

ಅಕ್ಕ ಗಡಿಗೆಯ ಕಂಠವನ್ನು ಒರೆಸುತ್ತಲೇ ಇದ್ದಳು. ಅದು ಎಂದೋ ಒಣಗಿತ್ತು. ಗಡಿಗೆ ಹೋದರೆ ಆಕೆಗೆ ಕೊಪ್ಪಳದ ದಾರಿಯೇ ಹೋದಂತೆ. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಮರುದಿನ ಮುಂಜಾನೆ ಆಕೆ ತಲೆಗೆ ರುಮಾಲು ಸುತ್ತಿಕೊಂಡು ಅಂಗಳದಲ್ಲಿ ಕುಳಿತಿದ್ದ ಗಂಡ ಕೊಟ್ರಬಸಪ್ಪನವರ ಮುಂದೆ ನಿಂತಳು.

“ನಿಮ್ಮ ರುಮಾಲ ಕೊಡ್ರಿ.”

“ಎದಕ್ಕ?”

“ಸುತ್ತಿಕೊಳ್ಳಾಕ.”

“ನೀನ? ಮತ್ತ ನಾ ಏನ್ ಸುತ್ತಿಕೊಳ್ಳಲಿ?”

“ನಿಮ್ಮ ತಲ್ಯಾಗ ಮೊಸರಿಗೆ ಬೀಳೂವಂಥಾದ್ದು ಏನೈತಿ?”

ಹರೆಯದಲ್ಲಿಯೇ ತಲೆ ಬೋಳಾಗಿದ್ದ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ರುಮಾಲು ಬಿಚ್ಚಿದರು. “ಕುಂಡ್ರು ಇಲ್ಲೆ. ನೀ ಸುತ್ತಿದ್ರ ಅಗಸಿ ದಾಟೂದ್ರಾಗ ಬಿಚ್ಚತೈತಿ,” ಎಂದು ತಾವೇ ಸುತ್ತಿದರು. ಒಂದು ಎಳೆಯೂ ಹೊರಗೆ ಉಳಿಯದಂತೆ ಹಣೆಯಿಂದ ಕತ್ತಿನ ಹಿಂದಿನ ಹೆಡಕಿನವರೆಗೆ ಬಿಗಿದು, ನೆತ್ತಿಯ ಮೇಲೆ ಗಡಿಗೆ ಕೂರುವಷ್ಟು ದಪ್ಪ ಬಿಟ್ಟರು.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು. “ಗಂಡಸರ ರುಮಾಲ ಇಟಗೊಂಡು ಪ್ಯಾಟಿಗೆ ಹೊಂಟ್ಯಾ? ಮನಿ ಮಾನ ಏನಾಗಬೇಕು?”

“ಕೂದಲ ಬಿದ್ರೂ ಮಾನ ಹೋಗ್ತೈತಿ, ಬೀಳದಂಗ ಕಟಗೊಂಡ್ರೂ ಹೋಗ್ತೈತೇನ್ರಿ ಅತ್ತಿ?”

ಉತ್ತರಕ್ಕೆ ಕಾಯದೆ ಹೊರಟಳು. ಸಣ್ಣ ಗಡಿಗೆಯನ್ನು ಹೊತ್ತು ನಾನು ಹಿಂದೆ ನಡೆದೆ. ಕೊಪ್ಪಳದ ದಾರಿಯನ್ನು ನಾನು ನಡೆದದ್ದು ಅದೇ ಮೊದಲು. ಜೋಳದ ಹೊಲಗಳ ಮೇಲಿನಿಂದ ಬರುತ್ತಿದ್ದ ಗಾಳಿ, ದೂರದಲ್ಲಿ ಕೋಟೆಯ ಗುಡ್ಡ, ಮುಂದೆ ಕೈ ಬೀಸಿ ನಡೆಯುತ್ತಿದ್ದ ಆ ಬಿಳಿಯ ರುಮಾಲು. ಕೈ ಬೀಸುವುದು ಆಕೆಗೆ ಮರಳಿ ಬಂದಿತ್ತು.

ಪೇಟೆಯ ಬಾಯಿಯಲ್ಲಿ ಬಳೆಗಾರ ಮಕ್ಬುಲಸಾಬ ಎದ್ದು ನಿಂತ. “ಸಲಾಂ ಗೌಡ್ರ! ಬಳಿ ಬೇಕೇನ್ರಿ?”

“ಮೊದಲ ನಿಮ್ಮ ಕೈಗೆ ಹಾಕ್ಕೊಂಡು ತೋರಸ್ರಿ. ಒಪ್ಪಿದ್ರ ನೋಡೋಣು.”

ಅಕ್ಕಪಕ್ಕದ ಅಂಗಡಿಗಳೆಲ್ಲ ನಕ್ಕವು. ಈ ಸಲ ನಗೆ ಬಿದ್ದದ್ದು ಬಳೆಗಾರನ ಮೇಲೆ.

ಮೊದಲು ಹಳೆಯ ಗಿರಾಕಿ ಫಾತಿಮಾಬಿಯವರ ಮನೆ. ಆಕೆ ಬಾಗಿಲು ತೆರೆದವರು ರುಮಾಲನ್ನು ಅತ್ತಿಂದಿತ್ತ ನೋಡಿ, “ಅಯ್ಯ ಗುರುಲಿಂಗಕ್ಕಾ, ನಮ್ಮ ಮನಿಯವ್ರಿಗೆ ಇಷ್ಟ ಛಲೋ ಕಟ್ಟಾಕ ಬರೂದಿಲ್ಲಲ್ಲ!” ಎಂದು ಪಾತ್ರೆ ಹಿಡಿದರು. ಓಣಿಯ ಬೇರೆ ಬಾಗಿಲುಗಳಿಂದ ಮುಖಗಳು ಹೊರಬಂದವು, ಮುಖಗಳ ಹಿಂದೆ ಪಾತ್ರೆಗಳು. ಎಲ್ಲರೂ ಕೊಂಡರೆಂದು ನಾನು ಹೇಳಲಾರೆ. ಕೆಲವರು ನಕ್ಕು ಒಳಗೆ ಹೋದರು.

ಕಸ್ತೂರೆಮ್ಮನ ಮನೆ ಕೊನೆಗೆ ಬಂತು. ಆಕೆ ಹೊಸ್ತಿಲಿಗೆ ಅಡ್ಡ ನಿಂತಳು. “ಒಳಗ ಬರಬ್ಯಾಡ. ತಲಿ ಬಗ್ಗಸು, ನೋಡ್ತೀನಿ.”

ಅಕ್ಕ ಗಡಿಗೆ ಇಳಿಸಿ ತಲೆ ಬಗ್ಗಿಸಿದಳು. ಕಸ್ತೂರೆಮ್ಮ ರುಮಾಲಿನ ಅಂಚಿನಲ್ಲಿ ಬೆರಳಾಡಿಸಿ ನೋಡಿದಳು, ದನದ ಸಂತೆಯಲ್ಲಿ ಹಲ್ಲು ನೋಡುವವರ ಹಾಗೆ. ನನ್ನ ಮೈ ಉರಿಯಿತು. ಬೆರಳಿಗೆ ಏನೂ ಸಿಗದಿದ್ದಾಗ ಕಸ್ತೂರೆಮ್ಮ ಪಾತ್ರೆ ಚಾಚಿದಳು. ಅಕ್ಕ ಅಳತೆಗೆ ಸರಿಯಾಗಿ ಹಾಕಿದಳು. ಅಳತೆಯಾದ ಮೇಲೆ ಒಂದಿಷ್ಟು ಕೊಸರು ಹಾಕುವುದು ನಮ್ಮ ಕಡೆಯ ವಾಡಿಕೆ. ಕಸ್ತೂರೆಮ್ಮ ಪಾತ್ರೆಯನ್ನು ಹಾಗೆಯೇ ಹಿಡಿದುಕೊಂಡಿದ್ದಳು.

“ಕೊಸರು?”

“ಅದು ಒಳಗ ಕುಂಡ್ರಿಸಿ ತಗೊಳ್ಳಾರಿಗೆ, ಯವ್ವಾ,” ಎಂದು ಅಕ್ಕ ಗಡಿಗೆಯ ಬಾಯಿ ಮುಚ್ಚಿದಳು.

ಮನೆಗೆ ಬಂದಾಗ ಅತ್ತೆ ಮೊದಲು ಗಡಿಗೆಯೊಳಗೆ ಕೈ ಹಾಕಿ ನೋಡಿದರು. ತಳದಲ್ಲಿ ಸ್ವಲ್ಪ ಉಳಿದಿತ್ತು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು.

“ಮನಿಗಳ ಗುರುತು ಆತೇನು?”

“ಆತ್ರಿ ಅತ್ತಿ. ಅವೆಲ್ಲಾ ಅಕ್ಕನ ಮನಿಗಳು. ನಾ ಹೋಗೂದಿಲ್ಲ.”

ಸೊಸೆಯೊಬ್ಬಳು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲಿರಬೇಕು. ಅವರು ನನ್ನನ್ನು ಬೈಯಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದರು: “ಆ ರುಮಾಲ ಒಗದು ಹಾಕು. ನಾಳಿಗೆ ಒಣಗಬೇಕು.”

ಕೂದಲು ಏಕೆ ಹಾಗಾಯಿತೆಂಬುದು ಯಾರಿಗೂ ತಿಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ತಾನಾಗಿಯೇ ಮತ್ತೆ ಬಂತು, ಕೂಸಿನ ಕೂದಲಿನಂತೆ ಮೆತ್ತಗೆ, ತೆಳ್ಳಗೆ. ಅದು ಬೇರೆ ಯಾರದೋ ತಲೆಯದೆಂದು ಅಕ್ಕ ನಗುತ್ತಿದ್ದಳು. ರುಮಾಲನ್ನು ಮಾತ್ರ ಬಿಡಲಿಲ್ಲ. ನಿಜಾಮರ ಆಳಿಕೆ ಮುಗಿದ ವರ್ಷವೂ ಅದನ್ನು ಸುತ್ತಿಕೊಂಡೇ ಮೊಸರು ಒಯ್ದಳು. ಆ ಹೊತ್ತಿಗೆ ಭಾವ ಕೊಟ್ರಬಸಪ್ಪನವರು ಹೊಲಕ್ಕೆ ನಸುಕಿನಲ್ಲಿಯೇ ಹೋಗುತ್ತಿದ್ದುದರಿಂದ ಸುತ್ತುವಾಗ ತುದಿ ಹಿಡಿಯುವ ಕೆಲಸ ನನ್ನದಾಗಿತ್ತು. ನಾನು ಅಂಗಳದ ಈ ಬದಿಗೆ ತುದಿ ಹಿಡಿದು ನಿಂತರೆ, ಆಕೆ ಆ ಬದಿಯಿಂದ ಒಂದೊಂದೇ ಸುತ್ತು ಬಿಗಿಯುತ್ತ ನನ್ನ ಕಡೆ ಬರುತ್ತಿದ್ದಳು. “ಸಡ್ಲ ಬಿಡಬ್ಯಾಡ, ಇನ್ನೂ ಎಳಿ,” ಎನ್ನುತ್ತಿದ್ದಳು. ಕೊನೆಯ ಸುತ್ತಿಗೆ ಆಕೆಯ ಮುಖ ನನ್ನ ಮುಖದ ಹತ್ತಿರ ಬರುತ್ತಿತ್ತು. ತುದಿಯನ್ನು ನನ್ನ ಕೈಯಿಂದ ತೆಗೆದು ಸಿಕ್ಕಿಸಿಕೊಂಡು, ಗಡಿಗೆ ಎತ್ತಿಸಿಕೊಂಡು, ಕೈ ಬೀಸುತ್ತ ಹೊರಡುತ್ತಿದ್ದಳು.